ಹುಬ್ಬಳ್ಳಿ–ಬೆಂಗಳೂರು: ಹಾರಾಟ ಮುಕ್ಕಾಲು ಗಂಟೆ, ಪ್ರಯಾಣ ಐದು ಗಂಟೆ

ಹುಬ್ಬಳ್ಳಿ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ಹಾವೇರಿ, ದಾವಣಗೆರೆ, ಚಿತ್ರದುರ್ಗ ಹಿಡಿದು ಹೆದ್ದಾರಿಯಲ್ಲಿ ಹೋದರೆ 410 ಕಿ.ಮೀ. ಆಸುಪಾಸು. ರೈಲು ಬೀರೂರು, ಅರಸೀಕೆರೆ ಸುತ್ತಿ ಹೋಗುತ್ತದೆ, ಹಾಗಾಗಿ 470 ಕಿ.ಮೀ. ಹತ್ತಿರ. ಆದರೆ ನಾವು ಹೊರಡುವುದು ಮನೆಯಿಂದ, ರನ್‌ವೇಯಿಂದ ಅಲ್ಲ, ಅಲ್ವಾ?

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ರನ್‌ವೇ ಮೊದಲು 1,670 ಮೀಟರ್ ಮಾತ್ರ ಇತ್ತು. ದೊಡ್ಡ ಜೆಟ್‌ಗಳಿಗೆ ಅದು ಸಾಲದು. ಹಾಗಾಗಿ ಪಂಖ ತಿರುಗುವ ಎಟಿಆರ್‌ನಂಥ ಸಣ್ಣ ವಿಮಾನಗಳೇ ಬರುತ್ತಿದ್ದವು. ಅವುಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ವೇಗದಲ್ಲಿ 370 ಕಿ.ಮೀ.ಗೆ ಮುಕ್ಕಾಲು ಗಂಟೆ ಸಾಕು. ಟಿಕೆಟ್ ಮೇಲೆ ಒಂದು ಗಂಟೆಗಿಂತ ಜಾಸ್ತಿ ಇರುವುದು ಯಾಕೆಂದರೆ, ವಿಮಾನ ನಿಂತ ಜಾಗ ಬಿಟ್ಟು ರನ್‌ವೇಗೆ ಹೋಗುವುದು, ಮೇಲೇರುವುದು, ಬೆಂಗಳೂರಿನ ಮೇಲೆ ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

2017ರ ಡಿಸೆಂಬರ್‌ನಲ್ಲಿ ಇಲ್ಲಿ ಹೊಸ ಟರ್ಮಿನಲ್ ಬಂತು. ರನ್‌ವೇ 2,600 ಮೀಟರ್ ಆಯಿತು. ಏರ್‌ಬಸ್ ಜೆಟ್‌ಗಳೂ ಇಳಿಯತೊಡಗಿದವು. ಆದರೂ ಇಷ್ಟು ಹತ್ತಿರದ ಹಾದಿಯಲ್ಲಿ ಜೆಟ್ ಉಳಿಸುವುದು ಕೆಲವೇ ನಿಮಿಷ. ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತು ಆಗಿರುತ್ತದೆ.

ನಮ್ಮ ಪ್ರಯಾಣವನ್ನು ನಿಜವಾಗಿ ಬದಲಿಸಿದ್ದು 2008ರ ಮೇ ತಿಂಗಳು. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ನಕ್ಷೆಯಲ್ಲಿ ಅಳೆದು ನೋಡಿ. ದೇವನಹಳ್ಳಿ ಹುಬ್ಬಳ್ಳಿಗೆ ಎಚ್‌ಎಎಲ್‌ಗಿಂತ ಸುಮಾರು 15 ಕಿ.ಮೀ. ಹತ್ತಿರ. ಅಂದರೆ ಹಾರುವ ದೂರ ಕಡಿಮೆಯಾಯಿತು. ಆದರೆ ಇಳಿದ ಮೇಲೆ ಮೆಜೆಸ್ಟಿಕ್‌ಗೆ 35 ಕಿ.ಮೀ. ರಸ್ತೆ ಸೇರಿಕೊಂಡಿತು. ಆಕಾಶದಲ್ಲಿ ಉಳಿದ ಎರಡು ನಿಮಿಷವನ್ನು ದಾರಿಯಲ್ಲಿ ಸಿಗುವ ಹೆಬ್ಬಾಳದ ಫ್ಲೈಓವರ್‌ನ ಟ್ರಾಫಿಕ್ ಹತ್ತು ಪಟ್ಟು ವಸೂಲಿ ಮಾಡುತ್ತದೆ.

ಧಾರವಾಡದ ಮನೆಯಿಂದ ಲೆಕ್ಕ ಹಾಕೋಣ. ಗೋಕುಲ ರಸ್ತೆಗೆ ಮುಕ್ಕಾಲು ಗಂಟೆ. ಚೆಕ್‌ಇನ್, ತಪಾಸಣೆಗೆ ಒಂದೂಕಾಲು ಗಂಟೆ. ವಿಮಾನ ಒಂದು ಗಂಟೆ ಹತ್ತು ನಿಮಿಷ. ಬ್ಯಾಗ್ ಕೈಗೆ ಬಂದು ಹೊರಗೆ ಬರಲು ಅರ್ಧ ಗಂಟೆ. ವಾಯುವಜ್ರ ಬಸ್ಸಲ್ಲಿ ಊರೊಳಗೆ ಒಂದೂವರೆ ಗಂಟೆ. ಐದು ಗಂಟೆ ದಾಟಿತು.

ಅತ್ತ ರೈಲಿನ ಹಳಿ ಜೋಡಿಯಾಯಿತು, ವಿದ್ಯುತ್ ಬಂತು. 2023ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾಗಿ ಧಾರವಾಡದಿಂದ ಆರೂವರೆ ಗಂಟೆಯೊಳಗೆ ಮೆಜೆಸ್ಟಿಕ್ ಪಕ್ಕದಲ್ಲೇ ಇಳಿಸುತ್ತಿದೆ. ವಿಮಾನಕ್ಕೆ ಉಳಿದ ಮುನ್ನಡೆ ಒಂದು ಗಂಟೆ ಚಿಲ್ಲರೆ. ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ತುಮಕೂರಿಗೆ ನೇರ ಹಳಿಯ ಕೆಲಸ ನಡೆದಿದೆ. ಅದು ಮುಗಿದರೆ ಅರಸೀಕೆರೆಯ ಸುತ್ತು ತಪ್ಪುತ್ತದೆ. ಇನ್ನೊಂದು ಹೊಸ ಟರ್ಮಿನಲ್‌ಗಿಂತ ಈ ಹಳಿ ಬೇಗ ಆಗಲಿ ಎಂದು ನಾನು ಬಯಸುವುದು ಅದಕ್ಕೇ.

ಹಾವೇರಿಯವರಿಗಂತೂ ವಿಮಾನ ಹತ್ತಬೇಕೆಂದರೆ ಬೆಂಗಳೂರಿಗೆ ಬೆನ್ನು ಹಾಕಿ 75 ಕಿ.ಮೀ. ಉತ್ತರಕ್ಕೆ ಬರಬೇಕು. ಸುಮ್ನೆ ರೈಲು ಹತ್ತುವುದೇ ಲೇಸು. ಗದುಗಿನವರಿಗೂ ಹುಬ್ಬಳ್ಳಿ ಮುಟ್ಟಲು ಒಂದು ಗಂಟೆಗೂ ಜಾಸ್ತಿ ಬೇಕು. ಆದರೆ ದೇವನಹಳ್ಳಿಯಿಂದಲೇ ಮುಂದೆ ದೆಹಲಿಗೋ ದುಬೈಗೋ ಹಾರುವವರ ಲೆಕ್ಕ ಬೇರೆ. ಅವರು ಹೆಬ್ಬಾಳವನ್ನು ನೋಡುವುದೇ ಇಲ್ಲ. ಅವರಿಗೆ ಗೋಕುಲ ರಸ್ತೆಯ ವಿಮಾನವೇ ಸರಿ.