ಪಾದರಸಕ್ಕೆ ಗಂಧಕದ ಗಂಟು

ಗದಗ ಜಿಲ್ಲೆಯ ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದವರಿಗೆ ಜಾಲಗಾರರು ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಅಲ್ಲೇ ಕಪ್ಪತಗುಡ್ಡದಲ್ಲಿ ಚಿನ್ನದ ಗಣಿಗಳೂ ತೆರೆದವು. ಚಿನ್ನ ಇದ್ದಲ್ಲಿಗೆ ಪಾದರಸವೂ ಬರುವುದು ಆಗಿನ ಲೋಕರೂಢಿ. ಕುಟ್ಟಿದ ಅದಿರನ್ನು ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನ ಅದಕ್ಕೆ ಅಂಟುತ್ತದೆ, ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆ ಆವಿ ಎಲ್ಲಿಗೆ ಹೋಯಿತೆಂಬ ಚಿಂತೆ ಲೋಕಕ್ಕೆ ಬಹುಕಾಲ ಇರಲಿಲ್ಲ.

ಚಿಂತೆ ಹುಟ್ಟಿಸಿದ್ದು ಜಪಾನಿನ ಮಿನಮಾಟಾ. ಚಿಸ್ಸೊ ಕಾರ್ಖಾನೆ ಕೊಲ್ಲಿಗೆ ಬಿಟ್ಟ ನೀರಿನಲ್ಲಿದ್ದ ಮಿಥೈಲ್ ಪಾದರಸ ಮೀನುಗಳ ಒಡಲು ಸೇರಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು, ಜನರ ಕೈಕಾಲು ನಡುಗಿ ಮಾತು ತೊದಲಿತು, ತಾಯಂದಿರ ಗರ್ಭದಲ್ಲಿದ್ದ ಕೂಸುಗಳಿಗೂ ವಿಷ ಮುಟ್ಟಿತು. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಆ ನೀರು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷಗಳನ್ನು ನನ್ನಿಂದ ಕ್ಷಮಿಸಲಾಗದು. ಪಾದರಸಕ್ಕೆ ಕಡಿವಾಣ ಹಾಕುವ, ಆ ಊರಿನ ಹೆಸರಿನದೇ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು.

ನಮ್ಮ ದೇಶದ ಮಾನದಂಡದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಪಾದರಸ 0.001 ಮಿಲಿಗ್ರಾಂ ಮೀರಬಾರದು. ಹತ್ತು ಲಕ್ಷ ಲೀಟರಿಗೆ ಒಂದೇ ಗ್ರಾಂ! ಇಷ್ಟು ಸೂಕ್ಷ್ಮವಾಗಿ ಕರಗಿದ್ದು ಬಟ್ಟೆಯಲ್ಲಿ ಸೋಸಿದರೆ ಹೋಗದು, ಕುದಿಸಿದರೂ ನೀರು ನಿರ್ವಿಷವಾದೀತೆಂದು ನಂಬುವಂತಿಲ್ಲ. ಪಾದರಸ ಮೂಲವಸ್ತುವಾದ್ದರಿಂದ ಅದನ್ನು ನಾಶಮಾಡಲೂ ಬಾರದು. ಹಿಡಿದು ಕಟ್ಟಿಹಾಕಬೇಕು, ಅಷ್ಟೆ.

ಕಟ್ಟುವ ಹಗ್ಗ ನಮ್ಮ ಹಿರಿಯರಿಗೆ ಗೊತ್ತಿತ್ತು: ಗಂಧಕ. ಆಯುರ್ವೇದದಲ್ಲಿ ಎರಡನ್ನೂ ಕಲ್ವದಲ್ಲಿ ಅರೆದರೆ ಸಿಗುವ ಕಪ್ಪು ಪುಡಿಯೇ ಕಜ್ಜಲಿ. ಭೂಮಿಯೊಳಗಿನ ಇಂಗಳೀಕವೆಂಬ ಕೆಂಪು ಅದಿರೂ ಇದೇ ಜೋಡಿ. ಕಾರ್ಖಾನೆಗಳು ತ್ಯಾಜ್ಯ ನೀರಿಗೆ ಗಂಧಕದ ಸಂಯುಕ್ತವಾದ ಸಲ್ಫೈಡ್ ಬೆರೆಸಿ ಪಾದರಸವನ್ನು ತಳಕ್ಕೆ ಇಳಿಸುವುದೂ ಇದೇ ನಂಟನ್ನು ನಂಬಿ. ಆದರೆ ಅದರಿಂದ ಕೆಸರಿನ ರಾಶಿ ಬೀಳುತ್ತದೆ, ಸಲ್ಫೈಡ್ ಹೆಚ್ಚಾದರೆ ಪಾದರಸ ಮತ್ತೆ ಕರಗುತ್ತದೆ. ಗಂಧಕ ಕೂಡಿಸಿದ ರಾಳ, ಇದ್ದಿಲುಗಳು ಹೆಚ್ಚು ಚೊಕ್ಕವಾಗಿ ಕೆಲಸ ಮಾಡುತ್ತವೆ. ದುಬಾರಿ ಎಂಬುದೇ ಅವುಗಳ ತೊಡಕು.

ಇಲ್ಲಿಂದ ಮುಂದಿನ ಕಥೆ ನನಗೆ ಅಚ್ಚುಮೆಚ್ಚು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಜಸ್ಟಿನ್ ಚಾಕರ್ ತಂಡ 2015ರಲ್ಲಿ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನನ್ನು ಗಂಧಕದೊಂದಿಗೆ ಕಾಯಿಸಿ, ನೀರಿನ ಪಾದರಸ ಹಿಡಿಯುವ ಕೆಂಪು ವಸ್ತುವೊಂದನ್ನು ಮಾಡಿತು. ಪಾದರಸ ಸೋಕಿದರೆ ಅದು ಹಳದಿಯಾಗುತ್ತದೆ. ಎರಡು ವರ್ಷಗಳ ನಂತರ ಅದೇ ತಂಡ ಅಡುಗೆಗೆ ಬಳಸಿ ಉಳಿದ ಎಣ್ಣೆಯನ್ನೂ ಗಂಧಕದೊಂದಿಗೆ ಬೆಸೆಯಿತು. ತೈಲ ಶುದ್ಧೀಕರಣದಲ್ಲಿ ರಾಶಿಗಟ್ಟಲೆ ಉಳಿಯುವ ಗಂಧಕ, ಮಿರ್ಚಿ ಭಜಿ ಕರಿದು ಕಪ್ಪಾದಂಥ ಎಣ್ಣೆ, ಜೊತೆಗೆ ರಂಧ್ರಗಳನ್ನು ಮೂಡಿಸಲು ಉಪ್ಪು, ಇಷ್ಟೇ ಸಾಮಗ್ರಿ. ಹುಬ್ಬಳ್ಳಿಯಲ್ಲಿ ಅಂಥ ಎಣ್ಣೆಗೇನು ಬರ!

ಕುರಿಯ ಉಣ್ಣೆಯಲ್ಲೂ ಗಂಧಕವಿದೆ, ಅದಕ್ಕೂ ಪಾದರಸ ಅಂಟುತ್ತದೆ. ಹಾವೇರಿ, ಗದಗಿನ ಕುರಿಗಾಹಿಗಳ ಒರಟು ಉಣ್ಣೆಗೆ ಕಂಬಳಿಯಾಚೆ ಗಿರಾಕಿ ಕಡಿಮೆ. ಧಾರವಾಡದ ಪ್ರಯೋಗಾಲಯಗಳು ಇದನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ.

ಹಿಡಿದದ್ದನ್ನು ಇಡುವ ಜಾಗವೂ ಬೇಕು. ತುಂಬಿದ ಸೋಸುಕವನ್ನು ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿ, ನೀರು ಇಳಿಯದಂತೆ ಹೂಳಬೇಕು. ಊರ ಕಸದ ರಾಶಿಗೆ ಎಸೆದು ಬೆಂಕಿ ಬಿದ್ದರೆ ಗಂಧಕದ ಗಂಟು ಬಿಚ್ಚಿ ಪಾದರಸ ಮತ್ತೆ ಆವಿಯಾಗುತ್ತದೆ, ಮಳೆಯೊಂದಿಗೆ ಇಳಿದು ಕೆರೆ ಸೇರುತ್ತದೆ.