ನ್ಯೂಕ್ಲಿಯಿಕ್ ಆಮ್ಲ: ಹೆಸರಿನೊಳಗಿನ ಹುಳಿ, ಒಣಗುವ ಹೊಂಡದ ಕಥೆ

ಕುಮಟಾದಲ್ಲಿರುವ ಅಣ್ಣನ ಮಗಳಿಗೆ ಈಗ ಪಿಯುಸಿ. ಮೊನ್ನೆ ಅವರ ಮನೆಗೆ ಹೋದಾಗ ಜೀವಶಾಸ್ತ್ರದ ಪುಸ್ತಕ ಹಿಡಿದು ಬಂದು ಕೇಳಿದಳು: "ಅತ್ತೆ, ಡಿಎನ್‌ಎ ಅಂದ್ರೆ ಒಂದು ಆಸಿಡ್ ಅಲ್ವಾ? ಹಂಗಾದ್ರೆ ಮೈಯೊಳಗೆ ಸುಡೂದಿಲ್ವಾ?"

ಒಳ್ಳೆಯ ಪ್ರಶ್ನೆ. ಜೀವಕೋಶದಲ್ಲಿ ಪೀಳಿಗೆಯ ಸಂದೇಶ ಹೊರುವ ಡಿಎನ್‌ಎ ಒಂದು ನ್ಯೂಕ್ಲಿಯಿಕ್ ಆಮ್ಲ. ನ್ಯೂಕ್ಲಿಯಿಕ್ ಆಮ್ಲ ಅನ್ನುವ ಹೆಸರನ್ನು ಬಾಯಿಪಾಠ ಮಾಡಿದವರು ಬಹಳ ಜನ ಇದ್ದಾರೆ. ಆ 'ಆಮ್ಲ' ಎಲ್ಲಿ ಕೂತಿದೆ ಎಂದು ಕೇಳಿದವರು ಕಡಿಮೆ.

ಆಮ್ಲ ಅಂದರೆ ಹುಳಿ. ನಮ್ಮ ಜಿಲ್ಲೆಯವರಿಗೆ ಹುಳಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಶಿರಸಿ ಕಡೆ ಅಪ್ಪೆಹುಳಿ, ಉಪ್ಪಾಗೆ, ಕರಾವಳಿಯಲ್ಲಿ ಮುರುಗಲು. ನಾಲಿಗೆಗೆ ಹುಳಿ ಹತ್ತುವುದು ಆ ಹಣ್ಣಿನ ಆಮ್ಲ ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು, ಅಂದರೆ ಧನ ವಿದ್ಯುತ್ ಹೊತ್ತ ಕಣಗಳನ್ನು, ಬಿಟ್ಟುಕೊಡುವುದರಿಂದ. ಹೀಗೆ ಬಿಟ್ಟುಕೊಡುವ ಗುಣ ಇದ್ದರೆ ಅದು ಆಮ್ಲ. ಡಿಎನ್‌ಎಯಲ್ಲೂ ಈ ಗುಣ ಇದೆ. ಅದರ ಉದ್ದಕ್ಕೂ ಫಾಸ್ಫೇಟ್ ಅನ್ನುವ ಗುಂಪುಗಳಿವೆ. ಒಂದೊಂದು ಫಾಸ್ಫೇಟೂ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟು, ತಾನು ಋಣ ವಿದ್ಯುತ್ ಇಟ್ಟುಕೊಂಡು ಕೂರುತ್ತದೆ. ಸುಡುವುದಿಲ್ಲ, ಯಾಕೆಂದರೆ ಜೀವಕೋಶದೊಳಗೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಅಯಾನುಗಳೂ ಪ್ರೋಟೀನುಗಳೂ ಆ ಋಣ ವಿದ್ಯುತ್ತಿನ ಪಕ್ಕ ಬಂದು ನಿಂತು ಅದನ್ನು ತಣ್ಣಗೆ ಇಡುತ್ತವೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಚೆನ್ನ ಅನಿಸಿತು. ಒಂದು ಬಾಳೆಹಣ್ಣು ತಗೊಂಡೆವು. ಚೆನ್ನಾಗಿ ಕಿವುಚಿ, ನೀರು ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದ ಒಂದು ಚಿಟಿಕೆ ಉಪ್ಪು. ಹತ್ತು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿದೆವು. ಆಮೇಲೆ ಫ್ರಿಜ್ಜಿನಲ್ಲಿಟ್ಟಿದ್ದ ಸ್ಪಿರಿಟನ್ನು ಲೋಟದ ಅಂಚಿನಿಂದ ನಿಧಾನ ಇಳಿಸಿದೆವು. ಎರಡೂ ಬೆರೆಯದೆ ಪದರವಾಗಿ ನಿಂತವು. ನಡುವೆ ಬಿಳಿ ಎಳೆಗಳು ಎದ್ದವು, ಎಳೆನೀರಿನ ತೆಳು ಗಂಜಿ ಸುತ್ತಿಕೊಂಡ ಹಾಗೆ. ಬೆಂಕಿಕಡ್ಡಿಯಲ್ಲಿ ಸುತ್ತಿ ಮೇಲೆತ್ತಬಹುದು. ಅದರಲ್ಲಿ ಪೆಕ್ಟಿನ್ ಎಂಬ ಹಣ್ಣಿನ ಅಂಟೂ ಸೇರಿರುತ್ತದೆ, ಆದರೆ ಡಿಎನ್‌ಎ ಖಂಡಿತ ಇದೆ. ಸೋಪು ಕೋಶದ ಪೊರೆಯನ್ನು ಒಡೆಯಿತು. ಉಪ್ಪಿನ ಸೋಡಿಯಂ ಫಾಸ್ಫೇಟುಗಳ ಪಕ್ಕ ಹೋಗಿ ನಿಂತಿತು. ಸ್ಪಿರಿಟ್ ಬಂದ ಮೇಲೆ ನೀರಿಗೆ ಡಿಎನ್‌ಎಯನ್ನು ಕರಗಿಸಿ ಇಟ್ಟುಕೊಳ್ಳಲು ಆಗಲಿಲ್ಲ. ಫಾಸ್ಫೇಟಿನಲ್ಲಿ ಋಣ ವಿದ್ಯುತ್ ಇಲ್ಲದಿದ್ದರೆ ಆ ಚಿಟಿಕೆ ಉಪ್ಪಿಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಹೆಸರಿನ ಇನ್ನೊಂದು ಅರ್ಧ 'ನ್ಯೂಕ್ಲಿಯಿಕ್'. ನ್ಯೂಕ್ಲಿಯಸ್ ಅಂದರೆ ಕೋಶಕೇಂದ್ರ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನ ಕೋಟೆಯ ಹಳೆಯ ಅಡುಗೆಮನೆಯೇ ಪ್ರಯೋಗಾಲಯ. ಅಲ್ಲಿ ಫ್ರೀಡ್ರಿಕ್ ಮೀಶರ್ ಎಂಬ ಸ್ವಿಸ್ ಯುವಕ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿಕೊಂಡು ಅದರಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸುತ್ತಿದ್ದ. ಕೋಶಕೇಂದ್ರದಿಂದ ಅವನಿಗೆ ಸಿಕ್ಕ ವಸ್ತು ಪ್ರೋಟೀನಿನ ಹಾಗೆ ವರ್ತಿಸಲಿಲ್ಲ, ಅದರಲ್ಲಿ ರಂಜಕ, ಅಂದರೆ ಫಾಸ್ಫೇಟಿನಲ್ಲಿರುವ ಫಾಸ್ಫರಸ್, ಜಾಸ್ತಿ ಇತ್ತು. ನ್ಯೂಕ್ಲಿಯಿನ್ ಎಂದು ಕರೆದ. 1889ರಲ್ಲಿ ರಿಚರ್ಡ್ ಆಲ್ಟ್‌ಮನ್ ಅದರಿಂದ ಪ್ರೋಟೀನನ್ನು ತೆಗೆದು ಶುದ್ಧ ಮಾಡಿ, ಹುಳಿ ಗುಣ ನೋಡಿ, ನ್ಯೂಕ್ಲಿಯಿಕ್ ಆಮ್ಲ ಎಂದ. ಹೆಸರು ಅಲ್ಲೇ ನಿಂತಿತು. ಆದರೆ ಅದು ಅರ್ಧ ಸತ್ಯ ಅಷ್ಟೆ. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವೇ ಇಲ್ಲ, ಅವುಗಳಲ್ಲೂ ಈ ಆಮ್ಲ ಇದೆ. ನಮ್ಮ ಕೋಶಗಳಲ್ಲೂ ಈ ಆಮ್ಲದ ಇನ್ನೊಂದು ಬಗೆಯಾದ ಆರ್‌ಎನ್‌ಎಯ ಬಹುಪಾಲು ಇರುವುದು ಕೋಶಕೇಂದ್ರದ ಹೊರಗೆ.

ಡಿಎನ್‌ಎಯ ರಚನೆ ತಿಳಿಯಲು ಹೂವಿನ ದಂಡೆ ನೆನೆಸಿಕೊಳ್ಳಿ. ಬಾಳೆನಾರಿನಲ್ಲಿ ಅಬ್ಬಲಿಗೆ ದಂಡೆ ಕಟ್ಟುತ್ತಾರಲ್ಲ, ಹಾಗೆ. ನಾರಿನ ಜಾಗದಲ್ಲಿ ಸಕ್ಕರೆ, ಫಾಸ್ಫೇಟ್, ಸಕ್ಕರೆ, ಫಾಸ್ಫೇಟ್ ಎಂದು ಸಾಲು. ಹೂವಿನ ಜಾಗದಲ್ಲಿ ಬೇಸ್ ಎಂಬ ನಾಲ್ಕು ಬಗೆಯ ಅಣುಗಳು: ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್. ಹೂವು ಯಾವ ಸಾಲಿನಲ್ಲಿ ಬಂತು ಅನ್ನುವುದೇ ಸಂದೇಶ. ಆರ್‌ಎನ್‌ಎಯಲ್ಲಿ ಥೈಮಿನ್ ಬದಲು ಯುರಾಸಿಲ್, ಸಕ್ಕರೆಯಲ್ಲಿ ಒಂದು ಆಕ್ಸಿಜನ್ ಹೆಚ್ಚು. ಆ ಒಂದು ಆಕ್ಸಿಜನ್ನಿನಿಂದಲೇ ಆರ್‌ಎನ್‌ಎ ಬೇಗ ಮುರಿಯುತ್ತದೆ, ಡಿಎನ್‌ಎ ಬಾಳಿಕೆ ಬರುತ್ತದೆ.

ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ದಂಡೆ ಕಟ್ಟುವಾಗ ನಾರು ಮೊದಲೇ ಕೈಯಲ್ಲಿರುತ್ತದೆ. ಇಲ್ಲಿ ಹಾಗಲ್ಲ. ಒಂದೊಂದು ಹೂವೂ ತನ್ನ ತುಂಡು ನಾರನ್ನು ತಾನೇ ಹೊತ್ತು ತರುತ್ತದೆ. ಹೂವು, ತುಂಡು ನಾರು ಎರಡೂ ಸೇರಿದ್ದಕ್ಕೆ ನ್ಯೂಕ್ಲಿಯೊಟೈಡ್ ಎಂದು ಹೆಸರು. ತುಂಡಿಗೆ ತುಂಡು ಬೆಸೆಯುತ್ತ ಹೋದರೆ ಮಾತ್ರ ದಂಡೆ. ಜೀವ ಹೇಗೆ ಹುಟ್ಟಿತು ಅನ್ನುವ ಪ್ರಶ್ನೆ ನನ್ನ ಮಟ್ಟಿಗೆ ಇಲ್ಲೇ ಬಂದು ನಿಲ್ಲುತ್ತದೆ: ಕಟ್ಟುವ ಕೈ ಇಲ್ಲದೆ ಮೊದಲ ದಂಡೆ ಹೇಗೆ ಕಟ್ಟಿಕೊಂಡಿತು?

ಅದಕ್ಕೂ ಮೊದಲು ಬೀಜ ಮೊದಲೋ ಮರ ಮೊದಲೋ ಅನ್ನುವ ತಕರಾರು ಇತ್ತು. ಡಿಎನ್‌ಎ ನಕಲಾಗಲು ಪ್ರೋಟೀನು ಬೇಕು, ಪ್ರೋಟೀನು ಆಗಲು ಡಿಎನ್‌ಎ ಸಂದೇಶ ಬೇಕು. 1982ರಲ್ಲಿ ವಿಜ್ಞಾನಿ ಥಾಮಸ್ ಚೆಕ್ ಅವರ ತಂಡ ಟೆಟ್ರಾಹೈಮಿನಾ ಎಂಬ ಕೆರೆನೀರಿನ ಸೂಕ್ಷ್ಮಜೀವಿಯಲ್ಲಿ ಒಂದು ಆರ್‌ಎನ್‌ಎ ನೋಡಿತು. ಅದು ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುತ್ತಿತ್ತು. ಅಂದರೆ ಆರ್‌ಎನ್‌ಎ ಸಂದೇಶವನ್ನೂ ಹೊರುತ್ತದೆ, ಕೆಲಸವನ್ನೂ ಮಾಡುತ್ತದೆ. ಇದಕ್ಕೆ ಚೆಕ್ ಮತ್ತು ಇನ್ನೊಬ್ಬ ವಿಜ್ಞಾನಿ ಸಿಡ್ನಿ ಆಲ್ಟ್‌ಮನ್ (ಮೇಲಿನ ರಿಚರ್ಡ್ ಅಲ್ಲ) ಇಬ್ಬರಿಗೂ 1989ರ ನೊಬೆಲ್ ಬಂತು. ಆರ್‌ಎನ್‌ಎಯೇ ಮೊದಲು, ಡಿಎನ್‌ಎ ಮತ್ತು ಪ್ರೋಟೀನು ಆಮೇಲೆ ಅನ್ನುವ ವಿಚಾರಕ್ಕೆ ವಾಲ್ಟರ್ ಗಿಲ್ಬರ್ಟ್ 1986ರಲ್ಲಿ 'ಆರ್‌ಎನ್‌ಎ ಜಗತ್ತು' ಎಂದು ಹೆಸರಿಟ್ಟರು. ಇದರ ಪರವಾಗಿ ನನಗೆ ತುಂಬ ಗಟ್ಟಿ ಅನಿಸುವ ಸಾಕ್ಷಿ ರೈಬೋಸೋಮ್. ಪ್ರೋಟೀನು ತಯಾರಾಗುವ ಜಾಗ ಅದು. ಒಳಗೆ ಅಮೈನೋ ಆಮ್ಲಗಳನ್ನು ಬೆಸೆಯುವ ಕೆಲಸ ಮಾಡುವುದು ಪ್ರೋಟೀನಲ್ಲ, ಆರ್‌ಎನ್‌ಎ. ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಇವತ್ತಿಗೂ ನಮ್ಮ ಮೈಯ ಕೋಶಕೋಶದಲ್ಲಿ ಆ ಹಳೆಯ ಕಸುಬು ನಡೆದೇ ಇದೆ.

ಹೂವು, ಅಂದರೆ ಬೇಸ್, ಸಿಗುವುದು ಅಷ್ಟೇನೂ ಕಷ್ಟ ಇರಲಿಲ್ಲ ಅಂತ ಕಾಣುತ್ತದೆ. 1960ರಲ್ಲಿ ಜೋನ್ ಒರೊ ಎಂಬ ವಿಜ್ಞಾನಿ ಅಮೋನಿಯಂ ಸಯನೈಡಿನ ದ್ರಾವಣ ಕಾಯಿಸಿ ಅಡೆನಿನ್ ಪಡೆದರು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ನಾಸಾ ನೌಕೆ ತಂದ ಮಣ್ಣಿನಲ್ಲಿ ಡಿಎನ್‌ಎ, ಆರ್‌ಎನ್‌ಎ ಎರಡರದ್ದೂ ಸೇರಿ ಐದೂ ಬೇಸ್‌ಗಳು ಸಿಕ್ಕವು. ಅದೇ ಮಣ್ಣಿನಲ್ಲಿ ಅಡುಗೆ ಉಪ್ಪೂ ಇತ್ತು, ಸೋಡಿಯಂ ಫಾಸ್ಫೇಟೂ ಇತ್ತು. ಯಾವುದೋ ಕಾಲದಲ್ಲಿ ಉಪ್ಪುನೀರು ಆರಿ ಉಳಿದ ಹರಳುಗಳು ಅವು. ಇದನ್ನು ಓದಿದ ದಿನ ನನಗೆ ಸಾಣಿಕಟ್ಟಾ ನೆನಪಾಗದೆ ಇರಲಿಲ್ಲ.

ಕಷ್ಟ ಇರುವುದು ಕಟ್ಟುವುದರಲ್ಲಿ. ಎರಡು ನ್ಯೂಕ್ಲಿಯೊಟೈಡ್ ಬೆಸೆಯಬೇಕಾದರೆ ನಡುವಿನಿಂದ ಒಂದು ನೀರಿನ ಅಣು ಹೊರಗೆ ಹೋಗಬೇಕು. ಸುತ್ತಲೂ ನೀರೇ ತುಂಬಿರುವಾಗ ನೀರು ಹೊರಗೆ ಹೋಗುವುದೆಲ್ಲಿಗೆ? ಸಮುದ್ರದ ನಡುವೆ ದಂಡೆ ಕಟ್ಟಿಕೊಳ್ಳುವುದಕ್ಕಿಂತ ಬಿಚ್ಚಿಕೊಳ್ಳುವುದೇ ಸುಲಭ.

ಇಲ್ಲಿ ಗೋಕರ್ಣದ ಹತ್ತಿರದ ಆ ಸಾಣಿಕಟ್ಟಾ ಉಪ್ಪಿನ ಆಗರ ನೋಡಿದರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ. ಭರತದ ನೀರನ್ನು ಅಘನಾಶಿನಿ ಅಳಿವೆ ಕಡೆಯಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿಂದ ಆಳ ಇಲ್ಲದ ಪಾತಿಗಳಿಗೆ. ಬಿಸಿಲಿಗೆ ನೀರು ಆರುತ್ತ ಹೋದಂತೆ ಉಳಿದದ್ದು ದಪ್ಪವಾಗುತ್ತದೆ. ಮಧ್ಯಾಹ್ನ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ: ಮೊದಲು ನೀರಿನ ಮೇಲೆ ತೆಳು ಕೆನೆ, ಆಮೇಲೆ ಅಂಚಿನಲ್ಲಿ ಸಣ್ಣ ಚೌಕ ಹರಳು, ಹರಳಿಗೆ ಹರಳು ಅಂಟಿ ಒಂದು ಪದರ. ನೀರಿನಲ್ಲಿ ದೂರ ದೂರ ತೇಲುತ್ತಿದ್ದವು ನೀರು ಹೋದಾಗ ಒಂದಕ್ಕೊಂದು ಮೈ ತಾಗಿಸಿ ನಿಲ್ಲಲೇಬೇಕು, ಬೇರೆ ದಾರಿ ಇಲ್ಲ.

ಜೀವದ ಹುಟ್ಟಿನ ಬಗ್ಗೆ ಸಂಶೋಧನೆ ಮಾಡುವ ಡೇವಿಡ್ ಡೀಮರ್ ಮತ್ತು ಜೊತೆಗಾರರು ಹೇಳುವುದು ಇದೇ ಥರದ ಮಾತು. ಜ್ವಾಲಾಮುಖಿ ನೆಲದ ಬಿಸಿನೀರಿನ ಹೊಂಡದ ಅಂಚು ಒಣಗುತ್ತದೆ, ಮತ್ತೆ ನೆನೆಯುತ್ತದೆ. ಒಣಗಿದಾಗ ನ್ಯೂಕ್ಲಿಯೊಟೈಡುಗಳು ಒತ್ತೊತ್ತಾಗಿ ಬಂದು ಬೆಸೆಯುತ್ತವೆ. ನೆನೆದಾಗ ಕೊಬ್ಬಿನಂಥ ಅಣುಗಳು ಗುಳ್ಳೆಯಾಗಿ ಅವನ್ನು ಒಳಗೆ ಮುಚ್ಚಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಹೀಗೆ ಒಣಗಿಸಿ ನೆನೆಸಿ ಆರ್‌ಎನ್‌ಎಯಂಥ ಸರಪಳಿಗಳನ್ನು ಪಡೆದಿದ್ದಾರೆ. ಹಾಗಂತ ಜೀವ ಉಪ್ಪಿನ ಆಗರದಲ್ಲಿ ಹುಟ್ಟಿತು ಎಂದು ಹೇಳಬಾರದು. ಉಪ್ಪು ಜಾಸ್ತಿಯಾದರೆ ಆ ಗುಳ್ಳೆಗಳು ನಿಲ್ಲುವುದಿಲ್ಲ, ಅದಕ್ಕೇ ಈ ಗುಂಪಿನವರು ಸಿಹಿನೀರಿನ ಹೊಂಡವನ್ನೇ ಹೇಳುತ್ತಾರೆ. ಆಗರ ತೋರಿಸುವುದು ಒಣಗುವಿಕೆಯ ಬಲವನ್ನು ಮಾತ್ರ.

ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳೇ ತವರು ಅನ್ನುವವರೂ ಇದ್ದಾರೆ. ಜೀವ ಶಕ್ತಿ ಪಡೆಯುವ ಕ್ರಮ ಹೇಗೆ ಶುರುವಾಯಿತು ಅನ್ನುವುದಕ್ಕೆ ಅವರ ವಿವರಣೆ ಚೆನ್ನಾಗಿದೆ. ಆದರೆ ದಂಡೆ ಕಟ್ಟುವ ವಿಷಯದಲ್ಲಿ ನನಗೆ ಹೊಂಡದ ಅಂಚೇ ಹೆಚ್ಚು ಒಪ್ಪಿಗೆ. ಸುಮ್ನೆ ಬಿಟ್ಟ ರಾಸಾಯನಿಕಗಳಿಂದ ಶುರುವಾಗಿ ಪೂರ್ತಿ ಜೀವ ಇನ್ನೂ ಯಾವ ಪ್ರಯೋಗಾಲಯದಲ್ಲೂ ಹುಟ್ಟಿಲ್ಲ ಅನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಇಷ್ಟು ಹೇಳಿದ ಮೇಲೆ ಅಣ್ಣನ ಮಗಳು ಬೆಂಕಿಕಡ್ಡಿಗೆ ಸುತ್ತಿದ ಬಿಳಿ ಎಳೆಯನ್ನು ಬೆಳಕಿಗೆ ಹಿಡಿದು, "ಒಣಗೂದು ನೆನೆಯೂದು ಎಷ್ಟು ಸಲ ಆಗಿರ್ಬಹುದು ಅತ್ತೆ?" ಅಂದಳು. ಇಬ್ಬರೂ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಭೂಮಿಗೆ ಸುಮಾರು 454 ಕೋಟಿ ವರ್ಷ. ಸುಮಾರು 350 ಕೋಟಿ ವರ್ಷದ ಹಿಂದಿನ ಕಲ್ಲುಗಳಲ್ಲಿ ಜೀವದ ಗುರುತು ಇದೆ. ನಡುವಿನ ಕಾಲದಲ್ಲಿ ಬರೀ 10 ಕೋಟಿ ವರ್ಷ ಹಿಡಿದುಕೊಂಡು, ಒಂದು ಹೊಂಡ ದಿನಕ್ಕೆ ಒಂದೇ ಸಲ ಒಣಗಿ ನೆನೆಯಿತು ಅಂದುಕೊಂಡರೂ 3,650 ಕೋಟಿ ಸಲ. ಆಗ ದಿನ ಈಗಿನದಕ್ಕಿಂತ ಚಿಕ್ಕದಿತ್ತು, ಅದಕ್ಕೇ ಇನ್ನೂ ಜಾಸ್ತಿ. ಅದೂ ಒಂದೇ ಹೊಂಡದಲ್ಲಿ.