ಪದ ಪರಿಚಯ: ಬೆನ್ನಟ್ಟು

ಕಾರವಾರ, ಹೊನ್ನಾವರದ ಕಡೆಯ ಕೊಂಕಣಿ ಕ್ರೈಸ್ತರಲ್ಲಿ ‘ಆಪವ್ಣೆಂ’ ಎಂಬ ಮಾತಿದೆ. ಕರೆ ಎಂದು ಅರ್ಥ. ‘ಆ ಮನೆಯ ಹುಡುಗನಿಗೆ ಆಪವ್ಣೆಂ ಇದೆಯಂತೆ’ ಎಂದರೆ ಹುಡುಗ ಸೆಮಿನರಿಗೆ, ಅಂದರೆ ಪಾದ್ರಿಯಾಗುವವರು ಓದುವ ಶಾಲೆಗೆ, ಹೊರಟ ಎಂದೇ ಲೆಕ್ಕ. ಪಾದ್ರಿಗಳಿಗೂ ಸಿಸ್ಟರುಗಳಿಗೂ ಕರೆ, ಉಳಿದವರಿಗೆ ಬರೀ ಕೆಲಸ! ಚಮ್ಮಾರನ ದುಡಿಮೆಯೂ ರೈತನ ದುಡಿಮೆಯೂ ದೇವರು ಒಪ್ಪಿಸಿದ್ದೇ ಎಂದು ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲೇ ವಾದಿಸಿದ್ದ. ಪವಿತ್ರ ಬದುಕಿನ ಕರೆ ಎಲ್ಲರಿಗೂ ಸೇರಿದ್ದು ಎಂದು ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬರೆದಿಟ್ಟಿತು. ಊರ ಬಾಯಲ್ಲಿ ಮಾತ್ರ ಆ ಪದ ಇನ್ನೂ ಸೆಮಿನರಿಯ ಬಾಗಿಲು ದಾಟಿಲ್ಲ.

ಇರಲಿ. ಕರೆ ಬಂದ ಮೇಲೆ ಮಾಡಬೇಕಾದದ್ದೇನು? ಪ್ರವಚನಗಳಲ್ಲಿ ಇದಕ್ಕೆ ‘ಛಲ ಬಿಡದ ಪ್ರಯತ್ನ’ ಎಂದು ಹೇಳುವುದುಂಟು. ನನಗೆ ಆ ಪದ ಒಗ್ಗುವುದಿಲ್ಲ. ಛಲ ಎಂದ ಕೂಡಲೇ ಕನ್ನಡಿಗನ ಕಣ್ಣ ಮುಂದೆ ದುರ್ಯೋಧನ ಬಂದು ನಿಲ್ಲುತ್ತಾನೆ. ಛಲಗಾರನಿಗೆ ಎದುರಿನ ಗುರಿಗಿಂತ ತನ್ನ ಸೋಲು ಗೆಲುವುಗಳೇ ದೊಡ್ಡದು.

ಯೇಸುವಿನ ಪ್ರೇಷಿತ ಪೌಲ ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಬಳಸಿದ ಪದ ಬೇರೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, ಗುರಿಯ ಕಡೆಗೆ ಓಡುತ್ತಿದ್ದೇನೆ ಎಂಬ ಭಾವ ಬರುವಲ್ಲಿ, ಗ್ರೀಕ್ ಮೂಲದಲ್ಲಿರುವುದು ‘ದಿಯೋಕೊ’. ಬೆನ್ನಟ್ಟು, ಅಟ್ಟಿಸಿಕೊಂಡು ಹೋಗು ಎಂದರ್ಥ. ಸೋಜಿಗವೆಂದರೆ, ಹಿಂದೊಮ್ಮೆ ತಾನು ಕ್ರೈಸ್ತ ಸಭೆಯನ್ನು ಹಿಂಸಿಸಿದ್ದನ್ನು ಅದೇ ಅಧ್ಯಾಯದ 6ನೇ ವಚನದಲ್ಲಿ ಹೇಳಿಕೊಳ್ಳುವಾಗಲೂ ಅವನು ಬಳಸುವುದು ಇದೇ ಕ್ರಿಯಾಪದವನ್ನು. ಅನುವಾದಗಳಲ್ಲಿ ಒಂದು ಕಡೆ ಹಿಂಸೆ, ಇನ್ನೊಂದು ಕಡೆ ಓಟ ಎಂದಾಗಿ ಈ ನಂಟು ಮರೆಯಾಗುತ್ತದೆ. ಕನ್ನಡದ ‘ಬೆನ್ನಟ್ಟು’ ಎರಡನ್ನೂ ಹೊರಬಲ್ಲದು. ಕಳ್ಳನನ್ನೂ ಬೆನ್ನಟ್ಟುತ್ತೇವೆ, ಕನಸನ್ನೂ ಬೆನ್ನಟ್ಟುತ್ತೇವೆ. ಕ್ರೈಸ್ತರನ್ನು ಹಿಡಿಯಲು ಹೊರಟವನಿಗೆ ಕ್ರಿಸ್ತನ ದರ್ಶನವಾದ ದಮಸ್ಕದ ದಾರಿಯಲ್ಲಿ ಪೌಲನ ಕಾಲಿನ ವೇಗವೇನೂ ತಗ್ಗಲಿಲ್ಲ, ಯಾರ ಹಿಂದೆ ಓಡುತ್ತಿದ್ದನೋ ಅದಷ್ಟೇ ಬದಲಾಯಿತು ಎಂದು ನಾನು ಓದಿಕೊಳ್ಳುತ್ತೇನೆ.

12ನೇ ವಚನದಲ್ಲಿ ಇನ್ನೊಂದು ತಿರುವಿದೆ. ಕ್ರಿಸ್ತನು ನನ್ನನ್ನು ಯಾವುದಕ್ಕಾಗಿ ಹಿಡಿದನೋ ಅದನ್ನು ಹಿಡಿಯಲು ಬೆನ್ನಟ್ಟಿದ್ದೇನೆ ಎನ್ನುತ್ತಾನೆ. ಅಂದರೆ ಮೊದಲು ಸಿಕ್ಕಿಬಿದ್ದವನು ಇವನೇ. ಛಲಗಾರನ ಬಾಯಲ್ಲಿ ಈ ಮಾತು ಬರುವುದಿಲ್ಲ. ಮುಂದಿನ ವಚನದ ‘ಒಂದು ಕೆಲಸ ಮಾಡುತ್ತೇನೆ’ ಎಂಬಲ್ಲಿ ಗ್ರೀಕ್‌ನಲ್ಲಿ ಇರುವುದು ಎರಡೇ ಪುಟ್ಟ ಪದ, ಕ್ರಿಯಾಪದವೇ ಇಲ್ಲ. ‘ಒಂದೇ ಒಂದು...’ ಎಂದಷ್ಟೇ ಹೇಳಿ ಪೌಲ ಮುಂದೆ ಓಡಿದ್ದಾನೆ. ಏದುಸಿರು ಬಿಡುತ್ತಿರುವವನು ವಾಕ್ಯ ಪೂರ್ತಿ ಮಾಡುತ್ತಾನೆಯೇ? ಈ ಓಟದ ಮಾತನ್ನೆಲ್ಲ ಅವನು ಬರೆದದ್ದು ಸೆರೆಯಲ್ಲಿ ಬೇಡಿ ತೊಟ್ಟು ಎಂಬುದನ್ನೂ ಇಲ್ಲಿ ನೆನೆಯಬೇಕು.

ಬೆನ್ನಟ್ಟುವುದರ ಜೊತೆಗೆ ಬರುವ ಇನ್ನೊಂದು ಗ್ರೀಕ್ ಪದ ‘ಹುಪೊಮೊನೆ’. ತಾಳ್ಮೆ, ಸ್ಥಿರಚಿತ್ತ ಎಂದೆಲ್ಲ ಕನ್ನಡವಾಗುತ್ತದೆ. ಬಿಡಿಸಿದರೆ ‘ಅಡಿಯಲ್ಲಿ ಉಳಿಯುವುದು’. ಹೊರೆಯ ಕೆಳಗಿನಿಂದ ಜಾರಿಕೊಳ್ಳದೆ ನಿಲ್ಲುವುದು. ನಿಲ್ಲುವ ಈ ಪದವನ್ನು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಓಟಕ್ಕೇ ಹಚ್ಚುತ್ತದೆ. ನಿಂತುಕೊಂಡು ಓಡುವುದು ಹೇಗೆ ಎಂದು ಬಹಳ ದಿನ ನನಗೆ ಅರ್ಥವಾಗಿರಲಿಲ್ಲ.

ಅರ್ಥವಾದದ್ದು ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಮೀನುಬಲೆ, ಎಳೆಯುವುದನ್ನು ನೋಡಿದಾಗ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಹರಡುತ್ತಾ ಹೋಗಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡೂ ಕಡೆ ಸಾಲುಗಟ್ಟಿ ಎಳೆಯಬೇಕು, ಗಂಟೆಗಟ್ಟಲೆ. ಹಿಮ್ಮಡಿಯನ್ನು ಮರಳಲ್ಲಿ ಹೂತು, ಮುಖ ಕಡಲಿಗೆ ಕೊಟ್ಟು, ಹಿಂದೆ ಹಿಂದೆ ಹೆಜ್ಜೆ. ಸಾಲಿನ ಕೊನೆ ಮುಟ್ಟಿದವನು ಹಗ್ಗ ಬಿಟ್ಟು ಓಡಿಬಂದು ನೀರಿನಂಚಿನಲ್ಲಿ ಮತ್ತೆ ಹಿಡಿಯುತ್ತಾನೆ. ತೆರೆ ಹಿಂದೆ ಸರಿಯುವಾಗ ಮಾತ್ರ ಹಗ್ಗ ಕಡಲ ಕಡೆಗೇ ಜಗ್ಗುತ್ತದೆ. ಆಗ ಎಳೆಯಲಾಗುವುದಿಲ್ಲ, ಬಿಡಲೂ ಬರುವುದಿಲ್ಲ. ಸಾಲಿಗೆ ಸಾಲೇ ಹಲ್ಲು ಕಚ್ಚಿ ನಿಂತಿರುತ್ತದೆ. ಮುಂದಿನ ತೆರೆ ಬಂದಾಗ ಯಾರೋ ಒಬ್ಬರು ಕೂಗು ಹಾಕುತ್ತಾರೆ, ಕಾಲುಗಳು ಮತ್ತೆ ಕದಲುತ್ತವೆ.